ಪದಚರ್ಚೆ: ‘ಆಧುನಿಕ ಗುಲಾಮಗಿರಿ’ಯಾ, ‘ಜೀತ’ವಾ?

ಗೆಳೆಯರೇ,

ಬ್ರಿಟನ್ನಿಗೆ ಬಟ್ಟೆ ಕಳಿಸುವ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ನೋಟಿಸನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಲ್ಲಿನ 2015ರ ‘ಮಾಡರ್ನ್ ಸ್ಲೇವರಿ’ ಕಾಯ್ದೆ ಪ್ರಕಾರ, ವರ್ಷಕ್ಕೆ 3.6 ಕೋಟಿ ಪೌಂಡ್ ಅಥವಾ ಜಾಸ್ತಿ ವಹಿವಾಟಿರುವ ಕಂಪನಿಗಳು ತಮ್ಮಲ್ಲಿ ಮತ್ತು ತಮಗೆ ಮಾಲು ಕೊಡುವವರಲ್ಲಿ ಗುಲಾಮಗಿರಿ ತಡೆಯಲು ಏನು ಮಾಡಿದೆವೆಂದು ಪ್ರತಿ ವರ್ಷ ಪ್ರಕಟಿಸಬೇಕು. ಅದರ ಬಿಸಿ ಇಲ್ಲಿನ ಗೋಡೆಯವರೆಗೂ ಬಂದಿದೆ.

ಕೈಗೆ ಬಂದ ಕರಡಿನಲ್ಲಿ ‘ಪೂರೈಕೆ ಸರಪಳಿಯಲ್ಲಿ (ಸಪ್ಲೈ ಚೈನ್, ಅಂದರೆ ಮಾಲು ಕೈಯಿಂದ ಕೈಗೆ ಬರುವ ಸಾಲು) ಆಧುನಿಕ ಗುಲಾಮಗಿರಿ’ ಅಂತಿದೆ. ಸರಪಳಿ, ಗುಲಾಮ ಎರಡೂ ಅಕ್ಕಪಕ್ಕ ಬಂದರೆ ಕಾಲಿಗೆ ಬೇಡಿ ಹಾಕಿದ ಚಿತ್ರವೇ ಕಣ್ಣಿಗೆ ಕಟ್ಟುತ್ತದೆ, ಅಲ್ವಾ? ಹೊಲಿಗೆ ಮೆಷಿನ್ನಿನವರು ‘ಇದು ನಮಗಲ್ಲ ಬಿಡಿ’ ಅಂತ ಮುಂದೆ ಹೋಗುತ್ತಾರೆ. ನೋಟಿಸು ಕೇಳುವುದು ಅವರನ್ನೇ: ಹಾಸ್ಟೆಲಿನವರು ನಿಮ್ಮ ಆಧಾರ್ ಕಾರ್ಡು ಇಟ್ಟುಕೊಂಡಿದ್ದಾರಾ? ಕೆಲಸ ಕೊಡಿಸಿದವನ ಕಮಿಷನ್ನು ಸಂಬಳದಲ್ಲಿ ಮುರಿಯುತ್ತಾರಾ? ಬಿಟ್ಟು ಹೋಗುತ್ತೇನೆಂದರೆ ಬಾಕಿ ಹಿಡಿದಿಡುತ್ತಾರಾ?

ನನ್ನ ಒಲವು ‘ಜೀತ’ದ ಕಡೆ. ಜೀತ ರದ್ದು ಮಾಡಿದ ನಮ್ಮ 1976ರ ಕಾಯ್ದೆಯ ಇಂಗ್ಲಿಷ್ ಪ್ರತಿಯಲ್ಲೂ ಊರೂರಿನ ಹೆಸರುಗಳ ನಡುವೆ ಈ ಪದ ಹಾಗೇ ಕೂತಿದೆ. ಆದರೆ ತೆಲುಗಿನಲ್ಲಿ ‘ಜೀತಂ’ ಅಂದರೆ ಸಂಬಳ. ನಮ್ಮ ಹಳಗನ್ನಡದಲ್ಲೂ ಜೀತಕ್ಕೆ ಸಂಬಳ ಎಂಬ ಅರ್ಥವಿತ್ತು. ತೆಲುಗು ಮಾತಾಡುವ ಹಿಂದೂಪುರದ ಕಡೆಯವರಿಗೆ ಯಾರಾದರೂ ‘ಇಲ್ಲಿ ಜೀತ ಇಲ್ಲ’ ಅಂತ ಓದಿ ಹೇಳಿದರೆ ಅವತ್ತೇ ಗಂಟುಮೂಟೆ ಕಟ್ಟಿಯಾರು!

ಇನ್ನೊಂದು ತೊಡಕು. ಜೀತ ಎಂದ ಕೂಡಲೇ ಸಾಲ, ಒಡೆಯನ ಮನೆ, ದನದ ಕೊಟ್ಟಿಗೆ ನೆನಪಾಗುತ್ತದೆ. ಸಾಲವಿಲ್ಲದೆ ಸುಮ್ನೆ ಕಾರ್ಡು ಕಿತ್ತಿಟ್ಟುಕೊಂಡು ದುಡಿಸಿದರೆ? ಅದಕ್ಕೆ ‘ಬಲವಂತದ ದುಡಿಮೆ’ ಹೊಂದುತ್ತದೆ. ದೆಹಲಿಯ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿಯ ಕೂಲಿಗಳ ಮೊಕದ್ದಮೆಯಲ್ಲಿ 1982ರಲ್ಲಿ ಸುಪ್ರೀಂ ಕೋರ್ಟು, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೂ ಬಲವಂತವೇ ಎಂದಿತು. ಹೊಡೆಯಬೇಕಿಲ್ಲ, ಹಸಿವು ತಳ್ಳಿದರೂ ಸಾಕು. ಮಾತಿನಲ್ಲಿ ‘ಬಲವಂತ’ಕ್ಕೆ ಅಷ್ಟು ಅಗಲ ಇದೆಯಾ ಅನ್ನುವುದೇ ನನ್ನ ಅನುಮಾನ. ‘ಬಲವಂತ ಮಾಡಿ ಇನ್ನೊಂದು ಹೋಳಿಗೆ ಬಡಿಸಿದರು’ ಅಂತಲೂ ಅನ್ನುತ್ತೇವಲ್ಲ.

ಸದ್ಯಕ್ಕೆ ‘ಜೀತ, ಬಲವಂತದ ದುಡಿಮೆ’ ಅಂತ ಎರಡನ್ನೂ ತಲೆಬರಹಕ್ಕೆ ಹಾಕಿದ್ದೇನೆ. ಸರಪಳಿಯ ಜಾಗದಲ್ಲಿ ‘ನಮಗೆ ಮಾಲು ಕೊಡುವವರು, ಅವರಿಗೆ ಕೊಡುವವರು’ ಅಂತ ಬರೆದೆ. ಉದ್ದವಾಯಿತು, ಆದರೆ ನೂಲಿನ ಗಿರಣಿವರೆಗೂ ಮುಟ್ಟುತ್ತದೆ. ಇದಕ್ಕಿಂತ ಚಿಕ್ಕದು ಹೊಳೆದರೆ ತಿಳಿಸಿ. ಹಾಗೇ, ಇಟ್ಟಿಗೆ ಭಟ್ಟಿ, ಕಬ್ಬು ಕಡಿಯುವ ಗ್ಯಾಂಗುಗಳ ಕಡೆಯವರು ಯಾರಾದರೂ ಇದ್ದರೆ, ಮುಂಗಡ ತೀರುವ ತನಕ ಬಿಡದೆ ದುಡಿಸುವುದಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ?