ವಿನ್ಯಾಸ ಕಚೇರಿ ಬಿಟ್ಟು ಗುತ್ತಿಗೆದಾರರ ಬಳಿ ಸ್ಟ್ರಕ್ಚರಲ್ ಎಂಜಿನಿಯರ್ ಆಗಬಹುದೇ? ಅನುಭವಸ್ಥರು ತಿಳಿಸಿ

ಪ್ರಶ್ನೆ: ಬೆಂಗಳೂರಿನ ವಿನ್ಯಾಸ ಕಚೇರಿಯೊಂದರಲ್ಲಿ ಮೂರು ವರ್ಷದಿಂದ ಕಟ್ಟಡದ ಬಲದ ಲೆಕ್ಕ ಮಾಡುವ ಇಟ್ಯಾಬ್ಸ್ ತಂತ್ರಾಂಶದ ಮುಂದೆಯೇ ಕುಳಿತಿದ್ದೇನೆ. ಗುತ್ತಿಗೆದಾರರೊಬ್ಬರು ತಿಂಗಳಿಗೆ 14 ಸಾವಿರ ಹೆಚ್ಚು ಕೊಡುವುದಾಗಿ ಕರೆದಿದ್ದಾರೆ. ಮನೆಯಲ್ಲಿ ಎಳೆ ಮಗುವಿದೆ. ಹೋಗಬಹುದೇ?

ಮಂಗಳೂರಿನವರು: ಹನ್ನೊಂದು ವರ್ಷದಿಂದ ಗುತ್ತಿಗೆದಾರರ ಬಳಿಯೇ ಇದ್ದೇನೆ, ಒಂದು ದಿನವೂ ಪಶ್ಚಾತ್ತಾಪಪಟ್ಟಿಲ್ಲ. ಮೊದಲ ವರ್ಷ 1.2 ಮೀಟರ್ ದಪ್ಪದ, ಅಡಿಪಾಯದ ಹಾಸಾದ ರಾಫ್ಟ್‌ಗೆ ಬಾರ್ ಬೆಂಡಿಂಗ್ ಷೆಡ್ಯೂಲ್ (ಕಂಬಿಗಳ ಅಳತೆಯ ಪಟ್ಟಿ) ಬರೆಯುವಾಗ, ಮೇಲಿನ ಜಾಲರಿಯನ್ನು ಹೊರಬೇಕಾದ ಚೇರ್ ಕಂಬಿಗಳನ್ನು ನಕ್ಷೆಯಲ್ಲಿ ತೋರಿಸಿಯೇ ಇಲ್ಲವೆಂಬುದು ಕಣ್ಣಿಗೆ ಬಿತ್ತು. 20 ಮಿ.ಮೀ. ಕಂಬಿ ಮೀಟರಿಗೆ 2.47 ಕೆ.ಜಿ., ಚೇರ್ ಒಂದಕ್ಕೆ 3.4 ಮೀಟರ್, ಒಟ್ಟು 420 ಚೇರ್. ಮೂರೂವರೆ ಟನ್ ಆಯಿತು. ಅಂದಿನ 62 ರೂಪಾಯಿ ದರದಲ್ಲಿ 2 ಲಕ್ಷ 18 ಸಾವಿರ. ನಕ್ಷೆಯಲ್ಲಿಲ್ಲದ್ದಕ್ಕೆ ದುಡ್ಡಿಲ್ಲವೆಂದು ಬಿಲ್ ಹಿಂದಿರುಗಿ ಬಂತು. ಕಾಂಕ್ರೀಟ್ ಹಾಕುವ ಮುನ್ನವೇ ಫೋಟೊ ತೆಗೆದು, ಅಳತೆ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡಿದ್ದರಿಂದ ಎಂಟು ತಿಂಗಳ ಬಳಿಕ ಪೂರ್ತಿ ಹಣ ಸಿಕ್ಕಿತು. ಇಟ್ಯಾಬ್ಸ್ ಮುಂದಿರುವವರಿಗೆ ಚೇರ್ ಎಂದರೆ ಕೂರುವುದಕ್ಕೆ ಮಾತ್ರ.

ದಾವಣಗೆರೆಯವರು: ಹಣ ಬಂದವರು ಹೀಗೆ ಬರೆಯಬಲ್ಲರು. ನಾನು ದುಡಿದ ಕಡೆ 7.2 ಮೀಟರ್ ತೊಲೆಯ ಕೆಳಗಿನ ತಾತ್ಕಾಲಿಕ ಆಸರೆಗಳಾದ ಪ್ರಾಪ್‌ಗಳನ್ನು ಹನ್ನೊಂದನೆಯ ದಿನವೇ ಬಿಚ್ಚಿಸಿ ಮೇಲಿನ ಮಹಡಿಗೆ ಸಾಗಿಸಿದರು, ಏಕೆಂದರೆ ಇನ್ನೊಂದು ಸೆಟ್‌ಗೆ ದಿನಕ್ಕೆ 3,400 ರೂಪಾಯಿ ಬಾಡಿಗೆ. ಆರು ಮೀಟರ್ ಮೀರಿದ ತೊಲೆಗೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಹೇಳುವುದು 21 ದಿನ. ಅದೂ ಸಾಮಾನ್ಯ ಓಪಿಸಿ ಸಿಮೆಂಟ್‌ಗೆ, ನಮ್ಮದು ನಿಧಾನವಾಗಿ ಬಲ ಪಡೆಯುವ ಪಿಪಿಸಿ. ಸೈಟ್ ರಿಜಿಸ್ಟರಿನಲ್ಲಿ ಆಕ್ಷೇಪ ಬರೆದೆ, ಮರುದಿನ ಆ ಹಾಳೆಯೇ ಇರಲಿಲ್ಲ. ತೊಲೆ ನಡುವೆ 22 ಮಿ.ಮೀ. ಜಗ್ಗಿತು. ಕಾಂಕ್ರೀಟ್ ಕೊರೆದು ತೆಗೆದು ನೋಡುವ ಕೋರ್ ಪರೀಕ್ಷೆ, ಮತ್ತೆ ಪ್ರಾಪ್, ಕಾರ್ಬನ್ ಫೈಬರ್ ಹೊದಿಕೆ ಎಂದು 4 ಲಕ್ಷ 60 ಸಾವಿರ ಹೋಯಿತು, ಜೊತೆಗೆ ನನ್ನ ಎರಡು ತಿಂಗಳ ಸಂಬಳವೂ ಹೋಯಿತು. ಹತ್ತು ದಿನದ ಬಾಡಿಗೆ 34 ಸಾವಿರ ಉಳಿಸಲು ಹೋಗಿ!

ಮಂಗಳೂರಿನವರು: 22 ಮಿ.ಮೀ.ಗೆ ಇಷ್ಟು ಗಾಬರಿಯೇ? ತೊಲೆಯ ಉದ್ದ 7,200 ಮಿ.ಮೀ. ಅನ್ನು 250ರಿಂದ ಭಾಗಿಸಿ ನೋಡಿ, 28.8ರ ತನಕ ಅವಕಾಶವಿದೆ. ಸೈಟ್ ಒಗ್ಗಲಿಲ್ಲವೆಂದು ನೇರವಾಗಿ ಹೇಳಿ.

ದಾವಣಗೆರೆಯವರು: ಸ್ವಾಮಿ, ಆ 28.8 ಎಂಬುದು ಕ್ರೀಪ್ (ಭಾರದಡಿ ಕಾಲಕ್ರಮೇಣ ಬಾಗುವುದು), ಶ್ರಿಂಕೇಜ್ (ಒಣಗಿ ಕುಗ್ಗುವುದು) ಎಲ್ಲವೂ ಸೇರಿದ ಅಂತಿಮ ಬಾಗುವಿಕೆಯ ಮಿತಿ. ನಮ್ಮ ತೊಲೆ ಗೋಡೆಯ ಭಾರ ಬೀಳುವ ಮೊದಲೇ 22 ಮುಟ್ಟಿತ್ತು. ಚೇರ್ ಎಣಿಸುವವರು ಆ ಪುಟವನ್ನೂ ಓದಿಕೊಳ್ಳಬೇಕು.

ದುಬೈನಿಂದ ಮರಳಿದವರು: ನಾನು ಆರು ವರ್ಷ ಕೆಲಸ ಮಾಡಿದ ಅಲ್ಲಿನ ಸೈಟ್‌ಗಳಲ್ಲಿ, ಪ್ರಾಪ್ ತೆಗೆಯುವ ಲೆಕ್ಕವನ್ನು ಗುತ್ತಿಗೆದಾರರ ಎಂಜಿನಿಯರೇ ಮಾಡಿ, ಕನ್ಸಲ್ಟೆಂಟ್ ಸಹಿ ಬಂದ ಮೇಲಷ್ಟೇ ಕೈ ಹಾಕುತ್ತಿದ್ದರು. ಇಲ್ಲಿ ಮೇಸ್ತ್ರಿಯ ಸುತ್ತಿಗೆಯೇ ಸಹಿ.

ಮಂಗಳೂರಿನವರು: ದುಬೈ ಅಷ್ಟು ಚೆನ್ನಾಗಿದ್ದರೆ ಮರಳಿದ್ದೇಕೆ?

ದುಬೈನಿಂದ ಮರಳಿದವರು: ತಂದೆಯವರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕಿತ್ತು. ಆ ಪ್ರಶ್ನೆ ಇಲ್ಲಿ ಬೇಕಿರಲಿಲ್ಲ.

ಮಂಗಳೂರಿನವರು: ತಪ್ಪಾಯಿತು, ಕ್ಷಮಿಸಿ. ಆದರೆ ಅದೇ ಕಾಂಕ್ರೀಟಿನ ಮಾದರಿ ಅಚ್ಚಾದ ಕ್ಯೂಬ್ ಒತ್ತಿ ನೋಡಿದ ಬಲದ ಫಲಿತಾಂಶ ನೋಡದೆ ನಾವೂ ಪ್ರಾಪ್ ಮುಟ್ಟುವುದಿಲ್ಲ.

ದಾವಣಗೆರೆಯವರು: ಯಾವ ಕ್ಯೂಬ್? ಲ್ಯಾಬಿನ ತೊಟ್ಟಿಯಲ್ಲಿ 27 ಡಿಗ್ರಿಯ ನೀರಿನಲ್ಲಿ ಮುಳುಗಿಸಿಟ್ಟದ್ದೋ, ತೊಲೆಯ ಪಕ್ಕದಲ್ಲೇ ಬಿಸಿಲಿಗೆ ಬಿಟ್ಟದ್ದೋ? ನಮ್ಮಲ್ಲಿ ತೊಟ್ಟಿಯದು ಪಾಸಾಗಿತ್ತು, ತೊಲೆ ಜಗ್ಗಿತ್ತು.