17ರ ಮಗ, ಟ್ಯಾಪೆಂಟಡಾಲ್ ಚಟ: ಅನುಭವ ಇದ್ದವರು ಹೇಳಿ

ಕೇಳಿದವರು: ಮಗ ಈ ನೋವಿನ ಮಾತ್ರೆ (ಅಫೀಮಿನಂಥ ಮದ್ದು) ಕರಗಿಸಿ ಚುಚ್ಚಿಕೊಳ್ಳುತ್ತಾನೆ. ಫಾದರ್ ಕೇರಳದ ಪೊಟ್ಟಾ ಧ್ಯಾನಕೇಂದ್ರದ ರಿಟ್ರೀಟಿಗೆ ಕಳಿಸಿ ಎನ್ನುತ್ತಾರೆ. ತಮ್ಮ ನಿಮ್ಹಾನ್ಸ್ ಎನ್ನುತ್ತಾನೆ. ಏನು ಮಾಡಲಿ?

ಬಜ್ಪೆ ಅಮ್ಮ: ನಾವು ಒಂದು ಪ್ರಾರ್ಥನಾ ಮನೆಗೆ ಸೇರಿಸಿದ್ದೆವು. ಹೆಸರು ಬೇಡ. ಮುಂಗಡ 25,000. ತಿಂಗಳಿಗೆ 12,000. ಬಕೆಟ್ಟು, ಚಾಪೆ ಅಂತ ಮತ್ತೆ 1,850. ನನ್ನ ಕರಿಮಣಿ ಸೊಸೈಟಿಯಲ್ಲಿ ಅಡವಿಟ್ಟದ್ದು. ಮಾತ್ರೆ ಒಂದೇ ಸಲಕ್ಕೆ ನಿಲ್ಲಿಸಿದರು. ಐದು ದಿನ ಭೇದಿ, ಕಾಲು ಸೆಳೆತ, ನಿದ್ದೆ ಇಲ್ಲ. ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು, ಒಂದು ಓಆರ್‌ಎಸ್ ಕೊಡಲಿಲ್ಲ. ಮೂರು ತಿಂಗಳಿಗೆ ಯೇಸು ಚಟ ಬಿಡಿಸಿದ ಎಂದು ಸಾಕ್ಷಿ ಹೇಳಿಸಿದರು, ಎಲ್ಲರೂ ಹಲ್ಲೆಲೂಯಾ ಎಂದರು. ಮನೆಗೆ ಬಂದ ನಾಲ್ಕನೇ ದಿನ ಹಳೇ ಲೆಕ್ಕದಲ್ಲೇ ಚುಚ್ಚಿಕೊಂಡ. ಮೈಗೆ ಅಭ್ಯಾಸ ತಪ್ಪಿತ್ತು, ಉಸಿರೇ ನಿಲ್ಲುವ ಹಾಗಾಯಿತು. ಐಸಿಯು 83,400. ಹೀಗಾಗಬಹುದು ಎಂದು ಅಲ್ಲಿ ಒಬ್ಬರೂ ಹೇಳಿರಲಿಲ್ಲ.

ಕೆ.ಆರ್. ಪುರದ ಬ್ರದರ್: ಸಿಸ್ಟರ್, ತಪ್ಪು ಆ ಮನೆಯದ್ದು, ಯೇಸುವಿನದ್ದಲ್ಲ. ನಾನು 15ಕ್ಕೇ ಪಂಕ್ಚರ್ ಸೊಲ್ಯೂಷನ್ ಮೂಸಿ ಎಳೆದವನು, ಆಮೇಲೆ ಗಾಂಜಾ. ಅಮ್ಮನ ಮಿಕ್ಸಿ ಎರಡು ಸಲ ಮಾರಿದ್ದೇನೆ, ಒಂದೇ ಮಿಕ್ಸಿ. ಪಾಪ, ಅವಳೇ ಬಿಡಿಸಿ ತಂದಿದ್ದಳು. ರಕ್ಷಣೆ ಹೊಂದಿ, ನೀರಲ್ಲಿ ಮುಳುಗಿ ದೀಕ್ಷಾಸ್ನಾನ ತಗೊಂಡೆ. 11 ವರ್ಷ ಆಯಿತು, ಬೀಡಿ ಕೂಡ ಇಲ್ಲ. ಡಾಕ್ಟರ್ ಮುಖ ನೋಡಿಲ್ಲ.

ಬಜ್ಪೆ ಅಮ್ಮ: ಗಾಂಜಾವನ್ನು ಇದಕ್ಕೆ ಹೋಲಿಸಬೇಡಿ. ನಿಮ್ಮ ಉಸಿರು ನಿಂತಿತ್ತಾ?

ಮೈಸೂರು ಅಪ್ಪ: ನನ್ನ ಮಗಳಿಗೆ ನಿಮ್ಹಾನ್ಸ್‌ನಲ್ಲಿ ಬ್ಯುಪ್ರೆನಾರ್ಫಿನ್ ಕೊಟ್ಟರು, ಅದೂ ಅದೇ ಜಾತಿಯ ಮದ್ದು, ಚಟದ ಸೆಳೆತ ತಡೆಯಲು ನಾಲಗೆ ಕೆಳಗೆ ಇಟ್ಟುಕೊಳ್ಳುವುದು. 14 ತಿಂಗಳಾಯಿತು. ಪ್ರತಿ ಸಲ ಬಸ್ಸು, ಲಾಡ್ಜು, ನನ್ನ ಒಂದು ರಜೆ. ನಡುವೆ ಎರಡು ಸಲ ಜಾರಿದಳು. ಎರಡನೇ ಸಲ ಅವಳ ಮೇಲೆ ನನ್ನ ಕೈ ಎದ್ದುಬಿಟ್ಟಿತು, ಅದೊಂದು ಮರೆಯಲಾಗುತ್ತಿಲ್ಲ. ಈಗ ಚರ್ಚಿನ ಗಾಯನ ತಂಡದಲ್ಲಿ ಹಾಡುತ್ತಾಳೆ. ಅಲ್ಲೇ ಒಬ್ಬರು, 'ಒಂದು ಚಟ ಬಿಟ್ಟು ಇನ್ನೊಂದು ಹಿಡಿದಳು' ಎಂದರು. ಅವರ ಸಕ್ಕರೆ ಕಾಯಿಲೆಯ ಮಾತ್ರೆ ಬಿಡಿಸಿ ನೋಡೋಣ.

ಬ್ರದರ್: ಹಾಡಿದರೆ ಸಾಕಾ? ಹೊಸದಾಗಿ ಹುಟ್ಟಬೇಕು.

ಮೈಸೂರು ಅಪ್ಪ: ಶುರುವಾಯಿತು. ಮಗುವಾಗಿದ್ದಾಗ ಕೊಡಿಸಿದ ನಮ್ಮ ಜ್ಞಾನಸ್ನಾನ ಲೆಕ್ಕಕ್ಕಿಲ್ಲ, ಅಲ್ವಾ?

ಬ್ರದರ್: ಮಗುವಿಗೆ ಏನು ಗೊತ್ತಿರುತ್ತದೆ? ವಾಕ್ಯ ಓದಿ.

ಮೈಸೂರು ಅಪ್ಪ: ಓದಿದ್ದೇನೆ. ಸುವಾರ್ತೆ ಬರೆದ ಲೂಕನೂ ವೈದ್ಯನೇ.

ಬಜ್ಪೆ ಅಮ್ಮ: ನೀರಿನ ಜಗಳ ಆಮೇಲೆ ಆಡಿ. ಕಟ್ಟಿದ ಮುಂಗಡ ಯಾರಿಗಾದರೂ ವಾಪಸ್ ಬಂದಿದೆಯಾ? ನನ್ನ ಹತ್ತಿರ ರಸೀದಿ ಇದೆ.