ಓದುಗರ ಸ್ಪಂದನ: ಕರೆದದ್ದು ಎಲ್ಲರನ್ನೂ, ಬಂದದ್ದು ಅದೇ ಹತ್ತು ಜನ

ತೀರ್ಥಹಳ್ಳಿಯ ಓದುಗರ ಸಮಸ್ಯೆ: ಹಾಡುಗಳೇ ಹೆಚ್ಚಿರುವ ನಾಟಕಕ್ಕೆ ನಮ್ಮ ತಂಡ ಮುಕ್ತ ಪಾತ್ರ ಆಯ್ಕೆ ಇಟ್ಟಿತ್ತು. ‘ಎಲ್ಲರಿಗೂ ಸ್ವಾಗತ’ ಎಂದು ಕರಪತ್ರದಲ್ಲಿ ಹಾಕಿದ್ದೆವು. ಬಂದವರು ಅದೇ ಹಳಬರು. ಗಂಡು ಪಾತ್ರ ಕೇಳಿದ ಇಬ್ಬರು ಹೆಣ್ಣುಮಕ್ಕಳು ಹಾಡಿನಲ್ಲಿ ಸೋತು ವಾಪಸಾದರು. ಕಣ್ಣು ಕಾಣದವರು, ಗಾಲಿಕುರ್ಚಿಯವರು ಬರಲೇ ಇಲ್ಲ. ಏನು ಮಾಡೋಣ?

*

ಕರಪತ್ರ ಆಮೇಲೆ, ಮೊದಲು ಹಾರ್ಮೋನಿಯಂ ನೋಡಿ. ಹಾಡನ್ನು ಗಂಡಸರ ತಗ್ಗಿನ ಶ್ರುತಿಯಾದ ಒಂದೂವರೆ ಮನೆಗೆ (ಮನೆ ಎಂದರೆ ಹಾರ್ಮೋನಿಯಂನ ಕೀಲಿ) ಕೂರಿಸಿ ಬಂದವರನ್ನೆಲ್ಲ ಅದರಲ್ಲೇ ಹಾಡಿಸಿದರೆ, ಹೆಚ್ಚಿನ ಹೆಂಗಸರಿಗೆ ಕೆಳಗಿನ ಸ್ವರಗಳಲ್ಲಿ ದನಿಯೇ ಏಳುವುದಿಲ್ಲ. ‘ಗಂಡು ಪಾತ್ರಕ್ಕೆ ಹೆಣ್ಣು ದನಿ ಹೊಂದದು’ ಎಂಬ ತೀರ್ಪು ಹುಟ್ಟುವುದೇ ಹೀಗೆ. ರಂಗನಟಿ ಆರ್. ನಾಗರತ್ನಮ್ಮನವರು 1958ರಲ್ಲಿ ಕಟ್ಟಿದ ಸ್ತ್ರೀ ನಾಟಕ ಮಂಡಳಿಯಲ್ಲಿ ಗಂಡು ಪಾತ್ರಗಳನ್ನೂ ಹೆಂಗಸರೇ ಮಾಡಿದರಲ್ಲ!

ಒಬ್ಬೊಬ್ಬರಿಗೆ 8 ನಿಮಿಷ ಕೊಡಿ. ಅದರಲ್ಲಿ 2 ನಿಮಿಷ ಶ್ರುತಿ ಹುಡುಕಲಿಕ್ಕೇ ಹೋಗಲಿ. ಹೆಂಗಸರಿಗೆ ಐದು, ಐದೂವರೆ ಮನೆಯಿಂದ ಶುರು ಮಾಡಿ. ಒಂದು ನುಡಿ ಹಾಡಿಸಿ, ತಿದ್ದಿ, ಅದನ್ನೇ ಮತ್ತೆ ಹಾಡಿಸಿ. ತಿದ್ದಿದ್ದನ್ನು ಹಿಡಿದರೋ ಇಲ್ಲವೋ ಎಂಬುದಕ್ಕೇ ಹೆಚ್ಚು ಅಂಕ. ಸ್ಕೇಲ್ ಚೇಂಜರ್ ಪೆಟ್ಟಿಗೆಯಾದರೆ (ಶ್ರುತಿ ಬದಲಿಸಬಲ್ಲ ಹಾರ್ಮೋನಿಯಂ) ಕೀಲಿಮಣೆ ಸರಿಸಿದರಾಯಿತು. ಜೋಡಿ ಹಾಡಿನಲ್ಲಿ ಸಾಲು ಹಂಚಿಕೊಂಡರೆ ತೊಂದರೆಯಿಲ್ಲ: ಒಂದೂವರೆಯ ಪಂಚಮವೇ (‘ಪ’ ಸ್ವರ) ಐದೂವರೆಯ ಷಡ್ಜ (‘ಸ’ ಸ್ವರ), ಅಲ್ಲಿಂದಲೇ ದಾಟಬಹುದು. ಇಬ್ಬರೂ ಒಟ್ಟಿಗೆ ಹಾಡುವ ಪಲ್ಲವಿಗೆ ಮಾತ್ರ ಈ ಉಪಾಯ ನಡೆಯದು.

— ಹಾರ್ಮೋನಿಯಂ ವಾದಕರು, ಸಾಗರ

*

ನಿಮ್ಮ ಪ್ರಕಟಣೆ ಚಿತ್ರದ ರೂಪದಲ್ಲಿ ವಾಟ್ಸಾಪಿನಲ್ಲಿ ಹೋಗಿದ್ದರೆ, ಕಣ್ಣು ಕಾಣದವರ ಫೋನು ಅದನ್ನು ಸರಿಯಾಗಿ ಓದಿ ಹೇಳುತ್ತದೆಂಬ ಭರವಸೆಯಿಲ್ಲ. ಕೆಳಗೆ ಅದೇ ವಿಷಯವನ್ನು ಟೈಪ್ ಮಾಡಿ ಹಾಕಿ. ಸಂಭಾಷಣೆಯ ಹಾಳೆಯನ್ನು ಯೂನಿಕೋಡ್‌ನಲ್ಲೇ ಕಳಿಸಿ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿದ್ದರೆ ಓದುವ ತಂತ್ರಾಂಶ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಉಸುರುತ್ತದೆ. ವಾರ ಮೊದಲೇ ಹಾಡಿನ ಧ್ವನಿಮುದ್ರಣವೂ ಸಿಕ್ಕಿದರೆ ಕಲಿತೇ ಬರುತ್ತಾರೆ. ಸ್ಥಳದಲ್ಲೇ ಹಾಳೆ ಕೊಟ್ಟು ಓದಿಸುವ ಪದ್ಧತಿ ಎಲ್ಲರಿಗೂ ಬಿಟ್ಟುಬಿಡಿ.

ವೇದಿಕೆಯ ಮೇಲೆ ಆಯ್ಕೆ ಬೇಡ. ಗಾಲಿಕುರ್ಚಿಗೆ 1:12ರ ಇಳಿಜಾರೆಂದರೆ (ಅಡಿ ಎತ್ತರಕ್ಕೆ 12 ಅಡಿ ಉದ್ದ) 3 ಅಡಿ ಎತ್ತರಕ್ಕೆ 36 ಅಡಿ ಉದ್ದ ಬೇಕು, ಒಂದು ದಿನಕ್ಕಾಗಿ ಯಾರು ಕಟ್ಟುತ್ತಾರೆ? ಸಭಾಂಗಣದ ನೆಲದಲ್ಲೇ ನಡೆಸಿ. ಪ್ರದರ್ಶನಕ್ಕಂತೂ ಇಳಿಜಾರು ಬೇಕೇ ಬೇಕು. ಅದಕ್ಕೆ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರದ ಪಟ್ಟಿ) ಹಾಸಬೇಡಿ, ಸಂದಿಗೆ ಗಾಲಿ ಸಿಕ್ಕಿಕೊಳ್ಳುತ್ತದೆ. ದಪ್ಪ ಪ್ಲೈವುಡ್, ಎರಡೂ ಅಂಚಿಗೆ ರೀಪಿನ ತಡೆ. ಗಾಲಿಕುರ್ಚಿ ಹಿಡಿಸುತ್ತದೆಯೇ ಎಂದು ಶೌಚಾಲಯದ ಬಾಗಿಲಿಗೆ ಅಳತೆ ಟೇಪು ಹಿಡಿದು ನೋಡಿದ್ದೀರಾ?

ಕಿವಿ ಕೇಳದವರನ್ನು ‘ಇದು ಹಾಡಿನ ನಾಟಕ’ ಎಂದು ಹೊರಗಿಡುವುದೂ ಬೇಡ. ಸೈಡ್‌ವಿಂಗ್‌ನಲ್ಲಿ ಅವರ ಕಣ್ಣಿಗೆ ಬೀಳುವಂತೆ ಒಬ್ಬರು ಕೈಯಲ್ಲಿ ತಾಳ ತೋರಿಸಲಿ.

— ರಂಗಸಜ್ಜಿಕೆ ಕೆಲಸದವರು, ಶಿವಮೊಗ್ಗ

*

ಮೇಲಿನವರು ಹೇಳಿದ 8 ನಿಮಿಷದ ಲೆಕ್ಕಕ್ಕೆ 40 ಜನ ಬಂದರೆ 5 ಗಂಟೆ 20 ನಿಮಿಷ. ಸಂಜೆ 5ಕ್ಕೆ ಶುರು ಮಾಡಿದರೆ ಹಳ್ಳಿಯವರಿಗೆ ಕೊನೆಯ ಬಸ್ಸು ತಪ್ಪುತ್ತದೆ. ಎರಡು ಭಾನುವಾರ, ಬೆಳಿಗ್ಗೆ 10ರಿಂದ 1. ಜೂನ್‌ನಿಂದ ಆಗಸ್ಟ್‌ವರೆಗೆ ತಗಡಿನ ಮಾಡಿನ ಕೆಳಗಂತೂ ಇಡಲೇಬೇಡಿ: ಮಳೆಯ ಸದ್ದಿಗೆ ಮೆದು ದನಿಯವರೆಲ್ಲ ಸೋಲುತ್ತಾರೆ, ಥಂಡಿಗೆ ತಬಲದ ಚರ್ಮ ಸಡಿಲವಾಗಿ ಶ್ರುತಿಯೂ ಇಳಿಯುತ್ತದೆ.

— ಹವ್ಯಾಸಿ ತಂಡದ ವ್ಯವಸ್ಥಾಪಕರು, ಹೊಸನಗರ